ನಾಲ್ಕು ಹೆಜ್ಜೆ ಬರಿಗಾಲು

ಬೆಳಕು ಬಿದ್ದ ಕೂಡಲೇ ಕಣ್ಣಿನ ಕರಿಬೊಟ್ಟು ಬಸವನಹುಳು ಕೊಂಬು ಒಳಗೆಳೆದುಕೊಂಡ ಹಾಗೆ ಚಿಕ್ಕದಾಯಿತು, ಬಲಗಣ್ಣು ಸರಿ, ಎಡಗಣ್ಣು ಸರಿ, ಎರಡೂ ಒಂದೇ ಅಳತೆ, ಎರಡೂ ಚುರುಕು — ಟಾರ್ಚು ಆರಿಸಿ ಜೇಬಿಗೆ ಇಳಿಬಿಡುವಾಗ ಬೆನ್ನ ಮೇಲೆ ಬೆವರಿನ ಗೆರೆಯೊಂದು ಸೊಂಟದವರೆಗೂ ಇಳಿಯಿತು, ಇನ್ನೂ ಎಂಟು ಗಂಟೆ, ಈ ಬೇಸಿಗೆಗೆ ಬೆಳಗು ಅನ್ನುವುದೇ ಇಲ್ಲ, ಇರುಳು ಮುಗಿದರೆ ನೇರ ಮಧ್ಯಾಹ್ನ, ಮೇಲೆ ಫ್ಯಾನು ಗಾಣದೆತ್ತಿನಂತೆ ಸುತ್ತುತ್ತಿದೆ, ಗಾಳಿ ಮಾತ್ರ ಯಾರ ಪಾಲಿಗೂ ಇಲ್ಲ. ಇವತ್ತು ಯಾವ ವಾರ ಹೇಳಿ, ಎಂದು ಅವಳು ಎರಡನೇ ಹಾಸಿಗೆಯ ಹಂಚಿನವನನ್ನು ಕೇಳಿದಳು, ಮಾಡಿಗೆ ಹಂಚು ಹೊದಿಸುತ್ತ ಏಣಿ ಜಾರಿ ಬಿದ್ದವನು, ಬಿದ್ದು ಮೂರು ದಿನ, ಅವನು ತಲೆಯ ಬಟ್ಟೆಪಟ್ಟಿಯ ಕೆಳಗಿನಿಂದ ಅವಳನ್ನು ದಿಟ್ಟಿಸಿ, ಅಲ್ಲ ಸಿಸ್ಟರ್, ಗಂಟೆಗೊಂದು ಸಲ ಬಂದು ಯಾವ ವಾರ ಯಾವ ಊರು ನಿನ್ನ ಹೆಸರೇನು ಅಂತ ಕೇಳ್ತೀರಲ್ಲ, ತಲೆಗೆ ಪೆಟ್ಟು ಬಿದ್ದಿದ್ದು ನನಗೋ ನಿಮಗೋ? ಅವನ ಹೆಂಡತಿ ಸೆರಗಿನಿಂದ ಗಾಳಿ ಬೀಸುವುದನ್ನು ನಿಲ್ಲಿಸಿ, ಕೇಳಿದ್ದಕ್ಕೆ ಉತ್ತರ ಹೇಳಿ ಸುಮ್ನೆ, ಎಂದಳು. ಕೆಲಸ ಇಲ್ಲದೋನಿಗೆ ಎಲ್ಲಾ ದಿನಾನೂ ಭಾನುವಾರನೇ ಕಣೇ, ಆದರೂ ಇವತ್ತು ಗುರುವಾರ, ಬರ್ಕೊಳ್ಳಿ ಸಿಸ್ಟರ್. ಅವಳು ಬರೆದುಕೊಂಡಳು, ನಕ್ಕಳು ಕೂಡ, ನಗುವಷ್ಟು ಶಕ್ತಿ ಎಲ್ಲಿಂದ ಬಂತೋ, ತಮಾಷೆ ಮಾಡುವ ರೋಗಿ ಒಳ್ಳೆಯ ರೋಗಿ, ಆದರೆ ಇದೇ ತಮಾಷೆಯನ್ನು ಸಂಜೆಯೊಳಗೆ ಹೊಸದೆಂಬಂತೆ ಇನ್ನೆರಡು ಸಲ ಹೇಳಿದನೆಂದರೆ ನಗಬಾರದು, ಡಾಕ್ಟರಿಗೆ ಹೇಳಬೇಕು, ಹೀಗೆ ನಗುವಿಗೂ ಲೆಕ್ಕ ಇಡುವ ಉದ್ಯೋಗ ಇದು, ಇಪ್ಪತ್ತೆರಡು ವರ್ಷ ಆಯಿತು, ಬಸ್ಸಿನಲ್ಲಿ ಪಕ್ಕದವರು ಒಂದು ಕಡೆಯ ಗಡ್ಡವನ್ನಷ್ಟೇ ಚೆನ್ನಾಗಿ ಬೋಳಿಸಿಕೊಂಡಿದ್ದರೂ ಇವಳ ಕಣ್ಣು ಅಲ್ಲಿಗೇ ಹೋಗುತ್ತದೆ, ಮದುವೆಮನೆಯಲ್ಲಿ ಯಾರೋ ನಗುವಾಗ ಬಾಯಿಯ ಒಂದು ಮೂಲೆ ಹಿಂದುಳಿದರೆ ಊಟ ಗಂಟಲಲ್ಲಿ ಇಳಿಯುವುದಿಲ್ಲ, ಗಂಡ ಹೇಳುತ್ತಾನೆ, ನಿನ್ನ ಜೊತೆ ಎಲ್ಲಿಗೂ ಹೋಗಬಾರದು ಮಾರಾಯ್ತಿ, ಜನರನ್ನ ನೋಡೋದಲ್ಲ ನೀನು, ತಪಾಸಣೆ ಮಾಡೋದು.

ಅಪ್ಪನಿಂದ ಬಂದ ಗುಣ ಇದ್ದರೂ ಇರಬಹುದು, ಕುರಿ ಸಾಕಿದವನು, ಓದುಬರಹ ಇಲ್ಲ, ಸಂಜೆ ಮಂದೆ ಹಟ್ಟಿಗೆ ಬರುವಾಗ ಬಾಗಿಲಲ್ಲಿ ನಿಂತು ನೋಡುತ್ತಿದ್ದ, ಅಗೋ ಅದು, ಆ ಬಿಳಿ ಕಿವಿಯದು, ಎಡಕ್ಕೇ ಎಳೀತಾ ಇದೆ ನೋಡು ಮಗಾ, ಎನ್ನುತ್ತಿದ್ದ, ಅವಳಿಗೆ ಏನೂ ಕಾಣುತ್ತಿರಲಿಲ್ಲ, ಕುರಿ ಕುರಿಯ ಹಾಗೇ ಇತ್ತು, ವಾರ ಕಳೆದರೆ ಅದೇ ಕುರಿ ನಿಂತಲ್ಲೇ ಎಡಕ್ಕೆ ಸುತ್ತುತ್ತಿತ್ತು, ಮೇಯುವುದನ್ನು ಬಿಟ್ಟು, ಸುತ್ತಿ ಸುತ್ತಿ ಬೀಳುತ್ತಿತ್ತು, ತಲೆಯೊಳಗೆ ನೀರುಗುಳ್ಳೆ ಕಟ್ಟಿದೆ ಎನ್ನುತ್ತಿದ್ದ ಅಪ್ಪ — ಏಳನೇ ತಾರೀಖಿನ ಔಷಧಿ ಪಟ್ಟಿ ಎಲ್ಲಿ, ಮೂರನೇ ಹಾಸಿಗೆಗೆ ಡ್ರಿಪ್ ಮುಗಿಯುತ್ತ ಬಂತು, ಆಯಾ, ಸ್ವಲ್ಪ ಆ ಕಿಟಕಿಯ ಬಟ್ಟೆ ಎಳೀರಿ, ಬಿಸಿಲು ಆರನೇ ಹಾಸಿಗೆ ಮೇಲೆ ಬೀಳ್ತಿದೆ. ಆರನೇ ಹಾಸಿಗೆ ಎಂದಳು, ದೊಡ್ಡಕ್ಕ ಎನ್ನಲಿಲ್ಲ, ಐದು ದಿನದಿಂದ ಹಾಗೆಯೇ ಹೇಳುತ್ತಿದ್ದಾಳೆ, ಹಾಸಿಗೆಯ ನಂಬರಿನಿಂದ ಕರೆದರೆ ಕೆಲಸ ಕೆಲಸವಾಗಿಯೇ ಇರುತ್ತದೆ. ಹೆಡ್ ಸಿಸ್ಟರಾಗಿ ಈ ವಾರ್ಡನ್ನು ಹತ್ತೊಂಬತ್ತು ವರ್ಷ ಆಳಿದವರು, ನಿವೃತ್ತರಾಗಿ ನಾಲ್ಕು ವರ್ಷ, ಅವರ ಚಪ್ಪಲಿಯ ಸದ್ದು ಮೆಟ್ಟಿಲಲ್ಲಿ ಕೇಳಿದರೆ ಸಾಕು, ಹೊಸ ಹುಡುಗಿಯರು ಚಾರ್ಟು ಹಿಡಿದುಕೊಂಡು ಎದ್ದು ನಿಲ್ಲುತ್ತಿದ್ದರು — ಚಪ್ಪಲಿ, ಬೇಡ, ಅದು ಈಗ ಬೇಡ — ಈಗ ಅದೇ ದೊಡ್ಡಕ್ಕನ ತಲೆಯ ಬಲಗಡೆ ಬೋಳು, ಬೋಳಿನ ಮೇಲೆ ಬಿಳಿ ಪಟ್ಟಿ, ತಲೆಬುರುಡೆಗೂ ಮೆದುಳಿಗೂ ನಡುವೆ ದಿನಕ್ಕಿಷ್ಟು ಎಂದು ವಾರಗಟ್ಟಲೆ ಜಿನುಗಿ ನಿಂತ ರಕ್ತವನ್ನು ಎರಡು ತೂತು ಕೊರೆದು ತೆಗೆದಿದ್ದಾರೆ, ತೆಗೆದ ಮರುದಿನ ಕಣ್ಣು ಬಿಟ್ಟು ಇವಳನ್ನು ನೋಡಿ, ಏ ಗೂಬೆ, ಎಂದಿದ್ದರು, ದಪ್ಪಕಣ್ಣಿನ ಹುಡುಗಿಗೆ ಇಪ್ಪತ್ತೆರಡು ವರ್ಷದ ಹಿಂದೆ ತಾವೇ ಇಟ್ಟ ಹೆಸರು, ಔಷಧಿ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡು ಅತ್ತಿದ್ದಳು, ಗೂಬೆ ಎನ್ನಿಸಿಕೊಂಡು ಅಷ್ಟು ಸಂತೋಷಪಟ್ಟವರು ಭೂಮಿಯ ಮೇಲೆ ಇನ್ನೊಬ್ಬರಿರಲಿಕ್ಕಿಲ್ಲ.

ಬನ್ನಿ ಬನ್ನಿ, ನಿಮ್ಮನ್ನೇ ಕಾಯ್ತಿದ್ದೆ, ಎಂದರು ಚಿಕ್ಕಕ್ಕ, ದೊಡ್ಡಕ್ಕನ ತಂಗಿ, ಮನೆಯಲ್ಲೇ ಬಟ್ಟೆ ಹೊಲಿದು ಬದುಕಿದವರು, ಅಕ್ಕತಂಗಿ ಇಬ್ಬರೇ ಒಂದು ಮನೆ, ಐದು ದಿನದಿಂದ ಮಂಚದ ಪಕ್ಕದ ಸ್ಟೂಲು ಬಿಟ್ಟು ಎದ್ದಿಲ್ಲ, ಕುತ್ತಿಗೆಯಲ್ಲಿ ಇನ್ನೂ ಅಳತೆಪಟ್ಟಿ ನೇತಾಡುತ್ತಿದೆ, ತೆಗೆಯಬೇಕೆಂಬ ನೆನಪೂ ಆಗಿಲ್ಲ, ಮುಖದ ತುಂಬ ನಗು, ನೋಡಿ ನೋಡಿ, ಎಡಗೈ, ನಿನ್ನೆವರೆಗೂ ಒದ್ದೆ ಬಟ್ಟೆ ಹಾಗೆ ಬಿದ್ದಿತ್ತಲ್ಲ, ಈಗ ಹೇಗೆ ಹಿಡೀತಾಳೆ ನೋಡಿ, ರಾತ್ರಿಯಿಂದ ನನ್ನ ಕೈ ಬಿಟ್ಟೇ ಇಲ್ಲ, ಉಕ್ಕಿನ ಹಿಡಿತ, ನಾನು ಹೇಳಲಿಲ್ವಾ, ನನ್ನಕ್ಕ ಗಟ್ಟಿಗಿತ್ತಿ ಅಂತ. ಹೌದು, ರಾತ್ರಿ ಪಾಳಿಯ ಹುಡುಗಿಯೂ ಅದನ್ನೇ ಹೇಳಿ ಹೋಗಿದ್ದಳು, ಆರರವರು ಎಡಗೈಲೂ ಹಿಡೀತಿದ್ದಾರೆ ಅಕ್ಕ, ಸೂಪರ್, ಎಂದು ಬಾಗಿಲಿನಲ್ಲೇ ನಿಂತು, ಅವಳ ಬಸ್ಸು ಏಳೂಕಾಲಿಗೆ, ಬರುವವಳು ಹೋಗುವವಳು ಇಬ್ಬರೂ ಒಟ್ಟಿಗೆ ಹಾಸಿಗೆಯಿಂದ ಹಾಸಿಗೆಗೆ ನಡೆದು ಎರಡು ಕಣ್ಣಿನ ಬದಲು ನಾಲ್ಕು ಕಣ್ಣು ಹಾಕಿ ನೋಡಿದ ಮೇಲೆಯೇ ಪಾಳಿ ಬದಲು ಎಂಬುದು ದೊಡ್ಡಕ್ಕ ಮಾಡಿದ ಕಟ್ಟಳೆ, ಇವತ್ತು ಇವಳೂ ಹೋಗು ಹೋಗು ಎಂದುಬಿಟ್ಟಿದ್ದಳು, ಸತತ ಒಂಬತ್ತನೇ ದಿನದ ಕೆಲಸ, ರಜೆ ಹಾಕಿದವರ ಬದಲು ಯಾರೂ ಇಲ್ಲ, ಕಾಲಿನ ಮೀನಖಂಡ ಎರಡು ಕಲ್ಲು ಕಟ್ಟಿದಂತೆ. ಚಾರ್ಟಿನಲ್ಲಿ ರಾತ್ರಿ ಹನ್ನೊಂದರಿಂದ ಒಂದೇ ಅಂಕಿ, ಆರು, ಅಂದರೆ ಹೇಳಿದ ಮಾತು ಕೇಳಿ ಕೈ ಆಡಿಸುತ್ತಾರೆ, ಅದಕ್ಕಿಂತ ದೊಡ್ಡ ಅಂಕಿ ಇಲ್ಲ, ಅದರ ಕೆಳಗೆ ಆರು, ಅದರ ಕೆಳಗೆ ಆರು, ಇರುವೆ ಸಾಲು.

ಅವಳು ಮಂಚದ ಆ ಕಡೆ ಹೋಗಿ ನಿಂತಳು, ದೊಡ್ಡಕ್ಕಾ, ಎಂದಳು, ದೊಡ್ಡಕ್ಕಾ, ಕಣ್ಣು ಬಿಡಿ, ನಾನು ಗೂಬೆ ಬಂದಿದ್ದೀನಿ. ರೆಪ್ಪೆ ತೆರೆದವು, ಎರಡನೇ ಕೂಗಿಗೆ, ನಿನ್ನೆ ಮೊದಲನೇ ಕೂಗಿಗೇ ತೆರೆದಿದ್ದವು. ಟಾರ್ಚು, ಎಡಗಣ್ಣು ಚುರುಕು, ಬಲಗಣ್ಣು — ಚುರುಕೋ, ಒಂದು ಗುಲಗಂಜಿ ತೂಕ ನಿಧಾನವೋ, ಇನ್ನೊಮ್ಮೆ, ನಿಧಾನವೇ, ಇಲ್ಲ, ನಿನ್ನ ಕಣ್ಣೇ ಆಯಾಸಗೊಂಡಿದೆ, ಮೂರನೇ ಸಲ ನೋಡಿದರೆ ಏನು ಬೇಕಾದರೂ ಕಾಣುತ್ತದೆ. ಎರಡು ಬೆರಳನ್ನು ಆ ಎಡಗೈಯೊಳಗೆ ಇಟ್ಟಳು, ಹಿಡೀರಿ ಅಕ್ಕ, ಎನ್ನುವುದಕ್ಕೂ ಮೊದಲೇ ಕೈ ಮುಚ್ಚಿಕೊಂಡಿತು, ಬೆಚ್ಚಗೆ, ಬಲವಾಗಿ, ಚಿಕ್ಕಕ್ಕ ಚಪ್ಪಾಳೆ ತಟ್ಟಿಯೇಬಿಟ್ಟರು, ನೋಡಿದ್ರಾ! ಆ ಒಂದು ಗಳಿಗೆ ಇವಳಿಗೂ ಅದು ಸಾಕೆನ್ನಿಸಿತು, ಬೆರಳು ಬಿಡಿಸಿಕೊಂಡು ಆರು ಎಂದು ಬರೆದು ಏಳನೇ ಹಾಸಿಗೆಗೆ ಹೋಗಿಬಿಡಬಹುದು, ಎಲ್ಲರಿಗೂ ಸಂತೋಷ. ಹೊಸಬಳಾಗಿದ್ದಾಗ ಹಾಗೆಯೇ ಮಾಡಿದ್ದಳು, ಬಾವಿ ತೋಡುವಾಗ ತಲೆಗೆ ಕಲ್ಲು ಬಿದ್ದವನೊಬ್ಬ, ಅವನ ತಾಯಿ ಕೈ ಮುಗಿದು, ನನ್ನ ಮಗ ಕೈ ಹಿಡಿದ, ತಾಯೀ, ಅಂದಳು, ಇವಳು ಆರು ಅಂತ ಬರೆದಳು, ದೊಡ್ಡಕ್ಕ ಬಂದು ತಮ್ಮ ಎರಡು ಬೆರಳು ಅವನ ಅಂಗೈಗೆ ಇಟ್ಟರು, ಬಿಡಪ್ಪಾ, ಎಂದರು, ಬಿಡು, ಬಿಡು, ಅವನು ಬಿಡಲಿಲ್ಲ. ಆಮೇಲೆ ಹೊರಗೆ ಕರೆದುಕೊಂಡು ಹೋಗಿ, ಏ ಗೂಬೆ, ಅಷ್ಟು ದೊಡ್ಡ ಕಣ್ಣು ಯಾಕೆ ಕೊಟ್ಟಿದಾನೆ ದೇವರು ನಿನಗೆ, ಹುಟ್ಟಿದ ಕೂಸೂ ಬೆರಳು ಇಟ್ಟರೆ ಹಿಡಿಯುತ್ತೆ, ಅದಕ್ಕೆ ಬುದ್ಧಿ ಬೇಕಾಗಿಲ್ಲ, ಬುದ್ಧಿ ಬೇಕಾಗೋದು ಬಿಡೋದಕ್ಕೆ, ಹಿಡಿ ಅಂದರೆ ಸಾಲದು, ಬಿಡು ಅನ್ನಬೇಕು, ಬಿಟ್ಟರೆ ಆರು, ಬಿಡದಿದ್ದರೆ ಮೆದುಳು ಕೂಸಿನ ಕಾಲಕ್ಕೆ ಹಿಂದೆ ಹೋಗ್ತಾ ಇದೆ ಅಂತ ಅರ್ಥ, ಓಡಿಹೋಗಿ ಡಾಕ್ಟರನ್ನ ಕರಿ. ಬೈದದ್ದು ಅಷ್ಟೇ, ಚಾರ್ಟಿನ ತಪ್ಪು ಅಂಕಿ ಹೊಡೆದು ಪಕ್ಕದಲ್ಲಿ ತಮ್ಮ ಸಹಿ ಹಾಕಿ, ಮೇಲಿನವರ ಬೈಗುಳವನ್ನೂ ತಾವೇ ತಿಂದರು.

ಬಿಡಿ ಅಕ್ಕ, ಎಂದಳು. ಕೈ ಹಾಗೇ ಇತ್ತು. ಬಿಡಿ, ನನ್ನ ಬೆರಳು ಬಿಡಿ. ದೊಡ್ಡಕ್ಕನ ಕಣ್ಣು ಚಾವಣಿಯ ಕಡೆ, ಬೆರಳು ಎಳೆದುಕೊಳ್ಳಲು ಹೋದರೆ ಹಿಡಿತ ಇನ್ನಷ್ಟು ಬಿಗಿಯಾಯಿತು, ಸಂಕೋಲೆ, ನಿನ್ನೆ ಸಂಜೆ ಹಿಡಿದದ್ದು ಮೆಲ್ಲಗೆ, ಸೋತ ಕೈ, ಆದರೆ ಬಿಡಿ ಎಂದಾಗ ಬಿಟ್ಟಿತ್ತು, ಅದು ಆರು, ಈ ಉಕ್ಕಿನ ಹಿಡಿತ ಅಲ್ಲ. ಏನಾಯ್ತು, ಎಂದರು ಚಿಕ್ಕಕ್ಕ. ಏನಿಲ್ಲ ಚಿಕ್ಕಕ್ಕ, ಡಾಕ್ಟರನ್ನ ಒಮ್ಮೆ ಕರೀತೀನಿ. ಹಿಡೀತಿದಾಳಲ್ಲ, ಮತ್ತೆ ಡಾಕ್ಟರು ಯಾಕೆ? ಆ ನಗುಮುಖಕ್ಕೆ ಏನು ಹೇಳುವುದು, ಹಾಲು ಉಕ್ಕುತ್ತಿರುವ ಒಲೆಗೆ ನೀರು ಹೊಯ್ಯುವ ಕೆಲಸ ಯಾವಾಗಲೂ ಇವಳದೇ. ಒಂದೊಂದೇ ಬೆರಳು ಬಿಡಿಸಿಕೊಂಡಳು, ಕಿರುಬೆರಳಿನಿಂದ ಶುರುಮಾಡಿ, ಫೋನಿನ ಕಡೆ ಹೊರಟಳು, ಹನ್ನೆರಡು ಹೆಜ್ಜೆ, ನಾಲ್ಕು ಹೆಜ್ಜೆ — ನಾಲ್ಕೇ ಹೆಜ್ಜೆ, ಎಣಿಸಿದ್ದಳಲ್ಲ.

ಎಣಿಸಿದ್ದಳು. ನಲವತ್ತು ದಿನದ ಹಿಂದೆ, ನಡುಮಧ್ಯಾಹ್ನ, ದೊಡ್ಡಕ್ಕ ಬಿಸ್ಕತ್ತಿನ ಪೊಟ್ಟಣ ಹಿಡಿದು ವಾರ್ಡಿಗೆ ಬಂದಿದ್ದರು, ನಿಮ್ಮನ್ನೆಲ್ಲ ಬೈಯದೆ ನಾಲಿಗೆ ತುಕ್ಕು ಹಿಡಿದಿದೆ ಕಣ್ರೇ, ಎಂದು, ಇವಳು ಬಸ್ಸಿನವರೆಗೆ ಬಿಡಲು ಹೋಗಿದ್ದಳು, ಟಾರು ಬಿಸಿಗೆ ಮೆತ್ತಗಾಗಿ ಮಿಂಚುತ್ತಿತ್ತು, ದೊಡ್ಡಕ್ಕ ಮಾತಾಡುತ್ತ ಮಾತಾಡುತ್ತ ನಡೆಯುತ್ತಿದ್ದರು, ಹೋದ ತಿಂಗಳು ಅಡುಗೆಮನೆ ಕಪಾಟಿನ ಬಾಗಿಲು ತಲೆಗೆ ಬಡಿದ ಕಥೆ, ನನ್ನ ತಲೆಗೆ ಏನೂ ಆಗಲಿಲ್ಲ ಕಣೇ, ಬಾಗಿಲಿಗೇ ನೋವಾಗಿರಬೇಕು, ಇಬ್ಬರೂ ನಗುವಾಗ ಎಡಗಾಲಿನ ಚಪ್ಪಲಿ ಕಳಚಿ ಹಿಂದೆ ಉಳಿಯಿತು, ದೊಡ್ಡಕ್ಕ ನಿಲ್ಲಲಿಲ್ಲ, ತಿರುಗಲಿಲ್ಲ, ಬರಿಗಾಲನ್ನು ಕಾದ ಟಾರಿನ ಮೇಲೆ ಇಟ್ಟರು, ಒಂದು, ಮಾತು ಮುಂದುವರಿದೇ ಇತ್ತು, ಎರಡು, ಮೂರು, ನಾಲ್ಕು. ಅಕ್ಕಾ, ಚಪ್ಪಲಿ! ಅವರು ಕೆಳಗೆ ನೋಡಿದ ರೀತಿ, ಆ ಕಾಲು ಬೇರೆ ಯಾರದೋ, ದಾರಿಯಲ್ಲಿ ಸಿಕ್ಕಿದ್ದು ಎಂಬ ಹಾಗೆ. ಹಳೇದು, ಪಟ್ಟಿ ಸಡಿಲ ಆಗಿದೆ, ಅಂದರು. ಇವಳು ಹಿಂದೆ ಹೋಗಿ ಬಗ್ಗಿ ಎತ್ತಿಕೊಂಡಳು, ಪಟ್ಟಿ ಸಡಿಲವಾಗಿರಲಿಲ್ಲ, ಬೆರಳು ತೂರಿಸಿ ನೋಡಿದಳು, ಹೊಸ ಚಪ್ಪಲಿ, ಬಿಗಿ, ಗೊತ್ತಿಲ್ಲದೆ ಚಪ್ಪಲಿ ಕಳಚಿಕೊಳ್ಳುತ್ತದೆಯೇ ಎಂದು ರೋಗಿಗಳನ್ನು ಕೇಳುವುದನ್ನು ಇವಳಿಗೆ ಕಲಿಸಿದವರು ಯಾರು, ತಲೆಗೆ ಸಣ್ಣ ಪೆಟ್ಟು, ವಯಸ್ಸಾದವರು, ವಾರಗಳಾದ ಮೇಲೆ ಒಂದು ಕಡೆಯ ಕಾಲು ಎಳೆಯುವುದು, ಇಷ್ಟು ಕಂಡರೆ ಕಾಯಬಾರದು ಎಂದು ಬೋರ್ಡಿನ ಮೇಲೆ ಬರೆದವರು ಯಾರು, ಆದರೆ ಬಸ್ಸು ಬಂತು. ಬಸ್ಸು ಬಂತು, ವಾರ್ಡಿನಲ್ಲಿ ಮೂವರು ಹೊಸ ರೋಗಿಗಳು, ಮತ್ತೆ ಕಲಿಸಿದವರಿಗೇ ಪಾಠ ಹೇಳುವುದು ಹೇಗೆ, ಅವರಿಗೆ ತಿಳಿಯದೆ ಇರುತ್ತದೆಯೇ, ನನಗೇ ಕಾಣುವುದು ಅವರಿಗೆ ಕಾಣುವುದಿಲ್ಲವೇ, ಹೇಳಿದರೆ, ಏ ಗೂಬೆ, ನನ್ನನ್ನೇ ಪರೀಕ್ಷೆ ಮಾಡ್ತೀಯಾ ಎಂದಾರು, ಭಾನುವಾರ ಫೋನು ಮಾಡಿ ಮೆಲ್ಲಗೆ ವಿಷಯ ತೆಗೆಯೋಣ ಎಂದುಕೊಂಡಳು. ಭಾನುವಾರ ಮಲಗಿದ್ದಳು. ಬೆಳಗ್ಗೆ ಮಲಗಿದವಳು ದೀಪ ಹಚ್ಚುವ ಹೊತ್ತಿಗೆ ಎದ್ದಳು, ಸೋಮವಾರ ಆಗಲೇ ಬಾಗಿಲಲ್ಲಿ ನಿಂತಿತ್ತು. ಕುರಿ ಎಡಕ್ಕೆ ಎಳೆಯುವುದನ್ನು ನೋಡಿದ ಅಪ್ಪ ಅದೇ ಸಂಜೆ ಅದನ್ನು ಬೇರೆ ಕಟ್ಟುತ್ತಿದ್ದ, ಕಂಡಮೇಲೆ ಸುಮ್ಮನಿರುವವನು ಕಾಣದವನಿಗಿಂತ ಕಡೆ ಎನ್ನುತ್ತಿದ್ದ.

ಎರಡು ಸಲ ಫೋನು ಮಾಡಿದ ಮೇಲೆ ಕನ್ನಡಕದ ಡಾಕ್ಟರು ಬಂದಾಗ ಒಂಬತ್ತೂಕಾಲು, ಚಿಕ್ಕ ವಯಸ್ಸು, ಅವನಿಗೂ ನಿದ್ದೆಯಿಲ್ಲ, ಶರ್ಟಿನ ಒಂದು ಗುಂಡಿ ತಪ್ಪು ಕಾಜಕ್ಕೆ ಹೋಗಿದೆ, ಸಿಸ್ಟರ್, ರಾತ್ರಿಯಿಡೀ ಆರು ಇದೆ, ಎಡಗೈ ಸುಧಾರಿಸಿದೆ ಅಂತ ಬರೆದಿದಾರೆ, ನಾನೇ ನಾಳೆ ಕಳಿಸೋಣ ಅಂತಿದ್ದೆ, ನಿಮಗೊಬ್ಬರಿಗೇ ಅನುಮಾನ. ಅನುಮಾನ ಅಲ್ಲ ಸರ್, ನಿಮ್ಮ ಎರಡು ಬೆರಳು ಕೊಡಿ. ಏನು? ಬೆರಳು ಸರ್, ಇಲ್ಲಿಡಿ, ಈಗ ಬಿಡಿ ಅನ್ನಿ. ಅವನು ಅರೆನಗುವಿನಲ್ಲಿಯೇ, ಬಿಡೀಮ್ಮಾ, ಎಂದ, ಮತ್ತೊಮ್ಮೆ ಎಂದ, ಬೆರಳು ಎಳೆದುಕೊಂಡ, ಬರಲಿಲ್ಲ, ಇನ್ನೊಂದು ಕೈಯಿಂದ ಬಿಡಿಸಲು ಹೋದ, ನಗು ಮುಖದಿಂದ ಇಳಿದುಹೋಯಿತು, ಎರಡನೇ ಹಾಸಿಗೆಯಿಂದ ಹಂಚಿನವನು, ಡಾಕ್ಟರು ಸಿಕ್ಕಿಬಿದ್ದರು ಕಣೇ, ಎಂದು ಹೆಂಡತಿಗೆ ಪಿಸುಗುಟ್ಟಿದ್ದು ಇಡೀ ವಾರ್ಡಿಗೆ ಕೇಳಿತು. ಡಾಕ್ಟರು ಬಲಗಣ್ಣಿಗೆ ಟಾರ್ಚು ಬಿಟ್ಟ, ಇನ್ನೊಮ್ಮೆ ಬಿಟ್ಟ, ಸ್ಕ್ಯಾನಿಗೆ ಕಳಿಸಿ, ಈಗಲೇ, ಮತ್ತೆ ರಕ್ತ ಕೂಡಿಕೊಂಡಿರಬಹುದು. ಕಾಗದ ಬರೆಯುತ್ತ ತಲೆ ಎತ್ತದೆ ಕೇಳಿದ, ಮೊದಲು ಕಾಲಿಗೆ ತೊಂದರೆ ಶುರುವಾಗಿ ಎಷ್ಟು ದಿನ ಆಗಿತ್ತು? ಚಿಕ್ಕಕ್ಕ ಹೇಳಿದರು, ಒಂದು ವಾರ ಸಾರ್, ಮಂಪರು ಬಂದು ಮಲಗಿಬಿಟ್ಟಳಲ್ಲ, ಅದಕ್ಕೆ ಮುಂಚೆ ಏನೂ ಇರಲಿಲ್ಲ, ಇದ್ದಿದ್ದರೆ ನಾನು ಬಿಡ್ತಿದ್ನಾ? ಒಂದು ವಾರ, ಎಂದು ಡಾಕ್ಟರು ಬರೆದ. ಅವಳು ಪಕ್ಕದಲ್ಲೇ ಇದ್ದಳು, ಡ್ರಿಪ್ಪಿನ ಕೊಳವೆಯನ್ನು ಕಂಬದಿಂದ ಬಿಡಿಸುತ್ತ, ಒಂದು ವಾರವೋ ನಲವತ್ತು ದಿನವೋ ಈಗ ಸ್ಕ್ಯಾನಿಗೆ ಏನು ವ್ಯತ್ಯಾಸ, ಬಾಯಿ ಬಿಟ್ಟರೆ ಹೊತ್ತು ಹಾಳು, ತಳ್ಳುಗಾಡಿ ಬಂತು, ಹಿಡೀರಿ, ತಲೆ ಕಡೆ ಮೆಲ್ಲಗೆ, ಒಂದು ಎರಡು ಮೂರು ಎತ್ತಿ.

ಆಮೇಲೆ ಎಲ್ಲ ಓಟ, ಓಟ ಒಳ್ಳೆಯದು, ಓಡುವಾಗ ತಲೆ ಖಾಲಿ, ಉದ್ದದ ಓಣಿ, ಗಾಡಿಯ ಒಂದು ಚಕ್ರ ಕಿರ್ ಕಿರ್, ಸ್ಕ್ಯಾನಿನ ತಣ್ಣನೆ ಕೋಣೆ, ಗಾಜಿನ ಆಚೆ ಪರದೆಯ ಮೇಲೆ ಬಿಳಿಯ ಬುರುಡೆಯ ಗೆರೆ, ಗೆರೆಯ ಒಳಗೆ ಬಾಳೆಹಣ್ಣಿನ ಆಕಾರದ ನೆರಳು, ಹೋದದ್ದು ಮತ್ತೆ ಬಂದು ಕೂತಿದೆ, ಡಾಕ್ಟರು ಫೋನಿನಲ್ಲಿ ದೊಡ್ಡ ಡಾಕ್ಟರಿಗೆ, ಹೌದು ಸರ್, ಮತ್ತೆ ತುಂಬಿದೆ, ಇಲ್ಲ ಸರ್, ಕಣ್ಣು ಇನ್ನೂ ಕೆಟ್ಟಿಲ್ಲ, ಬೇಗ ಗೊತ್ತಾಯ್ತು, ಆ ಹಿರಿಯ ಸಿಸ್ಟರ್ ಹಿಡಿದರು. ಆಪರೇಷನ್ ಕೋಣೆಯ ಬಾಗಿಲಲ್ಲಿ ಗಾಡಿಯನ್ನು ಒಳಗಿನವರ ಕೈಗೆ ಕೊಟ್ಟಳು, ದೊಡ್ಡಕ್ಕನ ಪಾದದ ಮೇಲಿನ ಹೊದಿಕೆ ಸರಿದಿತ್ತು, ಸರಿಪಡಿಸಿದಳು, ಬಾಗಿಲು ಮುಚ್ಚಿತು. ಹನ್ನೊಂದೂವರೆಗೆ ಕನ್ನಡಕದ ಡಾಕ್ಟರೇ ಹೊರಗೆ ಬಂದ, ತಲೆಯ ಟೊಪ್ಪಿಗೆ ಕೈಯಲ್ಲಿತ್ತು, ತೆಗೆದಿದೀವಿ, ಕೊಳವೆ ಇಟ್ಟಿದೀವಿ, ಒಳಗೇ ಒಂದ್ಸಲ ಕಣ್ಣು ಬಿಟ್ಟರು, ಇನ್ನು ಎರಡು ದಿನ ನೋಡಬೇಕು, ಸಂಜೆವರೆಗೆ ಬಿಟ್ಟಿದ್ದರೆ ಕಷ್ಟ ಇತ್ತು. ಕಾಲು? ಎಂದಳು ಅವಳು. ಕಾಲು ಗೊತ್ತಿಲ್ಲ ಸಿಸ್ಟರ್, ಬಹಳ ದಿನ ಒತ್ತಿಕೊಂಡೇ ಇದ್ದ ಹಾಗಿದೆ ಮೆದುಳು, ಒಂದು ವಾರದ್ದಲ್ಲ ಅದು ನೋಡಿದರೆ, ಮೊದಲೇ ಬಂದಿದ್ದರೆ — ಎಂದು ಭುಜ ಕುಣಿಸಿ, ತಪ್ಪು ಗುಂಡಿಯ ಶರ್ಟಿನಲ್ಲೇ ಹೊರಟುಹೋದ.

ಬೆಂಚಿನ ಮೇಲೆ ಚಿಕ್ಕಕ್ಕ ಅಳುತ್ತಿದ್ದರು, ಸದ್ದಿಲ್ಲದ ಅಳು, ಅಳತೆಪಟ್ಟಿಯ ತುದಿಯಿಂದಲೇ ಕಣ್ಣೊರೆಸಿಕೊಂಡರು, ಅವಳು ಪಕ್ಕದಲ್ಲಿ ಕೂತಳು, ಬೆಳಗಿನಿಂದ ಮೊದಲ ಸಲ ಕೂತದ್ದು, ಕೂತ ಕೂಡಲೇ ಮೈಯೆಲ್ಲ ಮಣ್ಣಿನ ಗೋಡೆ ಕುಸಿದಂತೆ, ಏಳಬೇಕು, ವಾರ್ಡಿನಲ್ಲಿ ಹತ್ತು ಗಂಟೆಯದೂ ಹನ್ನೊಂದು ಗಂಟೆಯದೂ ಚಾರ್ಟು ಹಾಗೇ ಉಳಿದಿದೆ, ಹಂಚಿನವನನ್ನು ವಾರ ಕೇಳಬೇಕು. ಚಿಕ್ಕಕ್ಕ ಅವಳ ಎರಡೂ ಕೈ ಹಿಡಿದುಕೊಂಡರು, ಸೂಜಿ ಚುಚ್ಚಿ ಚುಚ್ಚಿ ಒರಟಾದ ಬೆರಳುಗಳು, ನಾನು ದಡ್ಡಿ, ಕೈ ಹಿಡಿದಳು ಅಂತ ಕುಣಿದೆ, ನೀವು ನೋಡಿದ್ರಿ, ಎಲ್ಲರೂ ಚೆನ್ನಾಗಿದೆ ಅಂದರು, ನೀವೊಬ್ಬರೇ ನೋಡಿದ್ರಿ, ಅವಳು ಯಾವಾಗಲೂ ಹೇಳ್ತಿದ್ದಳು, ನಮ್ಮ ಗೂಬೆ ಕಣ್ಣಿಗೆ ಬಿದ್ದರೆ ಒಂದೂ ತಪ್ಪಿಸಿಕೊಳ್ಳಲ್ಲ ಅಂತ, ನಿಮ್ಮ ಋಣ ನಾವು ಯಾವ ಜನ್ಮದಲ್ಲಿ ತೀರಿಸೋದು ತಾಯಿ. ಬೇಡ ಚಿಕ್ಕಕ್ಕ, ಎಂದಳು. ಬೇಡ ಅಂದರೆ ಹೇಗೆ, ನೀವಿಲ್ಲದಿದ್ದರೆ — ಬೇಡ, ಎಂದಳು ಮತ್ತೆ, ದನಿ ತನ್ನದಲ್ಲದ ಹಾಗೆ ಬಂತು, ಹೊಗಳಿಕೆಯ ಒಂದೊಂದು ಮಾತೂ ಕಾದ ಕಬ್ಬಿಣ, ಎದ್ದುಹೋಗಬಹುದು, ಕೆಲಸ ಇದೆ ಎನ್ನಬಹುದು, ಬಸ್ಸು ಬಂತು ಎಂದ ಹಾಗೆ, ಭಾನುವಾರ ಎಂದ ಹಾಗೆ, ನಾಳೆ ಹೇಳಿದರಾಯಿತು, ದೊಡ್ಡಕ್ಕ ಎದ್ದು ಕೂತ ಮೇಲೆ, ಕಾಲು ಸರಿಹೋದ ಮೇಲೆ, ಸರಿಹೋಗದಿದ್ದರೆ ಎಂದೂ ಹೇಳದಿದ್ದರಾಯಿತು, ಕೇಳುವವರು ಯಾರು. ಮೊದಲೇ ನೋಡಿದ್ದೆ ಚಿಕ್ಕಕ್ಕ, ಎಂದಳು. ಹೌದು, ಬೆಳಗ್ಗೆ ಎಂಟು ಗಂಟೆಗೇ ನೋಡಿದ್ರಿ. ಬೆಳಗ್ಗೆ ಅಲ್ಲ, ನಲವತ್ತು ದಿನದ ಹಿಂದೆ, ಅವರು ಇಲ್ಲಿಗೆ ಬಂದಿದ್ದಾಗ, ಕಾಲಿಗೆ ಸ್ಪರ್ಶ ಇಲ್ಲ ಅನ್ನೋದು ನನಗೆ ಗೊತ್ತಾಯ್ತು, ಗೊತ್ತಾಗಿಯೂ ಹೇಳಲಿಲ್ಲ, ಅವರಿಗೂ ಹೇಳಲಿಲ್ಲ, ನಿಮಗೂ ಹೇಳಲಿಲ್ಲ. ಚಿಕ್ಕಕ್ಕನ ಕೈ ಅವಳ ಕೈಮೇಲೆ ಹಾಗೇ ಇತ್ತು, ಬಿಗಿಯೂ ಆಗಲಿಲ್ಲ ಸಡಿಲವೂ ಆಗಲಿಲ್ಲ, ಏನು ನೋಡಿದ್ರಿ? ಎಂದರು ಚಿಕ್ಕಕ್ಕ, ಸಣ್ಣ ದನಿಯಲ್ಲಿ. ಹೇಳಬೇಕು, ಎಲ್ಲವನ್ನೂ ಹೇಳಬೇಕು, ಬಿಸ್ಕತ್ತಿನಿಂದ, ಕಪಾಟಿನ ಬಾಗಿಲಿನಿಂದ, ಬಸ್ಸಿನಿಂದ, ಭಾನುವಾರದ ನಿದ್ದೆಯಿಂದ, ಆದರೆ ಕಣ್ಣ ಮುಂದೆ ಇರುವುದು ಒಂದೇ, ಮಿಂಚುವ ಟಾರಿನ ನಡುವೆ ಬಾಯಿ ತೆರೆದುಕೊಂಡು ಬಿದ್ದ ಚಪ್ಪಲಿ, ಬಿಗಿಯಾದ ಪಟ್ಟಿ, ಅದರಾಚೆ ದೊಡ್ಡಕ್ಕ ನಗುತ್ತ ಹೋಗುತ್ತಿದ್ದಾರೆ, ಬಿಳಿಯ ಹಿಮ್ಮಡಿ ಮೇಲೇಳುತ್ತದೆ, ಕಾದ ಟಾರಿನ ಮೇಲೆ ಇಳಿಯುತ್ತದೆ, ಒಂದು, ಎರಡು, ಮೂರು —